ಗದಗಿನಲ್ಲಿ 40×60 ಸೈಟು: ಅಜ್ಜನ ಮಾಳಿಗೆ ಮನೆಯ ತಂಪನ್ನು ಹೊಸ ಮನೆಗೆ ತರುವುದು ಹೇಗೆ?

ರೋಣದ ಹುಡುಗ

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷ ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದು ಈಗ ಊರ ಕಡೆ ವಾಪಸ್ ಬರುತ್ತಿದ್ದೇವೆ. ಗದಗಿನಲ್ಲಿ 40×60 ಸೈಟು ಇದೆ. ರಸ್ತೆ ಪಶ್ಚಿಮಕ್ಕೆ. ಮನೆಯಲ್ಲಿ ಆರು ಜನ: ಅಪ್ಪ, ಅವ್ವ, ನಾವಿಬ್ಬರು, ಇಬ್ಬರು ಮಕ್ಕಳು. ಬಜೆಟ್ 55 ಲಕ್ಷ, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ.

ನನ್ನ ತಲೆಯಲ್ಲಿರುವುದು ರೋಣ ತಾಲೂಕಿನ ನಮ್ಮ ಅಜ್ಜನ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ತೊಲೆ ಜಂತಿ ಮೇಲೆ ಮಣ್ಣಿನ ಮಾಳಿಗೆ, ನಡುವೆ ಪಡಸಾಲೆ, ಮೇಲೆ ಬೆಳಕಿಂಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಲದಿಂದ ಬಂದು ಹೊಸ್ತಿಲು ದಾಟಿದರೆ ಸಾಕು, ತಲೆ ಮೇಲೆ ತಣ್ಣೀರು ಸುರಿದ ಹಾಗೆ ಆಗುತ್ತಿತ್ತು. ಆ ಮನೆಯಲ್ಲಿ ಫ್ಯಾನೇ ಇರಲಿಲ್ಲ. ಅದೇ ಓಣಿಯಲ್ಲಿ ಕಾಕಾ ಆಮೇಲೆ ಕಟ್ಟಿಸಿದ ಆರ್‌ಸಿಸಿ ಮನೆ ಇದೆ, ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೂ ಅದರ ಗೋಡೆ ಮುಟ್ಟಿದರೆ ಬಿಸಿ.

ಈಗ ನಮ್ಮ ಗುತ್ತಿಗೆದಾರರು ಒಂದು ಪ್ಲಾನ್ ಕೊಟ್ಟಿದ್ದಾರೆ. 6 ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ, ಆರ್‌ಸಿಸಿ ಸ್ಲ್ಯಾಬ್, ರಸ್ತೆ ಕಡೆ ದೊಡ್ಡ ಗಾಜು, ಮೂರು ಬೆಡ್‌ರೂಮಿಗೂ ಎಸಿ ಪಾಯಿಂಟ್. ಪಶ್ಚಿಮಕ್ಕೆ ಗಾಜು ಅಂದರೆ ಹೇಗೆ ಅಂತ ಕೇಳಿದೆ. "ಈಗ ಎಲ್ಲರೂ ಹೀಗೇ ಮಾಡಿಸ್ತಾರೆ ಸರ್" ಅಂದರು.

ನನ್ನ ಪ್ರಶ್ನೆಗಳು ಇವು. ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದರೆ ಅಜ್ಜನ ಮನೆಯ ತಂಪು ಬರುತ್ತದಾ? ನನ್ನ ಹೆಂಡತಿಗೆ ಮಲೆನಾಡಿನ ತೊಟ್ಟಿ ಮನೆ ತುಂಬ ಇಷ್ಟ, ಇಲ್ಲಿ ತೊಟ್ಟಿ ಮಾಡಬಹುದಾ? ಸೋಲಾರ್ ಹಾಕಿಸಿ ಎಸಿ ನಡೆಸುವುದೇ ಸುಲಭ ಅಂತ ನನ್ನ ಗೆಳೆಯರು ಹೇಳುತ್ತಾರೆ, ಅದು ಸರಿಯಾ?

ಇನ್ನೊಂದು ವಿಷಯ. ಅಪ್ಪನಿಗೆ ಇದೆಲ್ಲ ಬೇಡ. "ಮಣ್ಣಿನ ಮನೆ ಬಿಟ್ಟು ಹೊರಗೆ ಬರೋಕೆ ನಾನು ಜೀವಮಾನ ಇಡೀ ದುಡಿದೆ, ನೀನು ಮತ್ತೆ ಅಲ್ಲಿಗೇ ಹೋಗ್ತೀಯಾ" ಅಂದರು. ಅವರಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ.

ಮುಂಡರಗಿ ಮಾಸ್ತರ

ನಾನು ನಿವೃತ್ತ ಶಿಕ್ಷಕ, ಈಗಲೂ ಮಾಳಿಗೆ ಮನೆಯಲ್ಲೇ ಇದ್ದೇನೆ. ನಿಮಗೆ ಮೊದಲು ನನ್ನದೊಂದು ಪ್ರಶ್ನೆ. ಬೇಸಿಗೆ ರಾತ್ರಿ ನಿಮ್ಮ ಅಜ್ಜ ಎಲ್ಲಿ ಮಲಗುತ್ತಿದ್ದರು?

ಒಳಗೆ ಮಲಗುತ್ತಿರಲಿಲ್ಲ, ಅಲ್ವಾ. ಮಾಳಿಗೆ ಮೇಲೆ ಮಲಗುತ್ತಿದ್ದರು, ಇಲ್ಲವೇ ಹೊರಗಿನ ಕಟ್ಟೆ ಮೇಲೆ. ನಮ್ಮ ಮನೆಯಲ್ಲೂ ಮಾರ್ಚ್‌ನಿಂದ ಮೊದಲ ಮಳೆ ಬೀಳುವ ತನಕ ಹಾಸಿಗೆ ಸುರುಳಿ ಸುತ್ತಿ ಮೇಲೆ ಒಯ್ಯುವುದೇ ರೂಢಿ. ದಪ್ಪ ಗೋಡೆ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿ ಆಗಿರುತ್ತದೆ. ಆಗ ನಾವು ಮೇಲೆ ಇರುತ್ತೇವೆ, ಕೆಳಗೆ ಬಾಗಿಲು ಕಿಟಕಿ ತೆರೆದಿರುತ್ತವೆ, ಒಳಗಿನ ಬಿಸಿ ಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತದೆ, ಬೆಳಗಿನ ಜಾವದ ಗಾಳಿಗೆ ಗೋಡೆ ಒಳಗಿನಿಂದ ಮತ್ತೆ ತಣ್ಣಗಾಗುತ್ತದೆ. ನಮ್ಮ ಮನೆಯವರು ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಿಟಕಿ ಮುಚ್ಚಿಬಿಡುತ್ತಾರೆ, ಸಂಜೆ ಏಳಕ್ಕೆ ತೆರೆಯುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅತ್ತೆ ಮಾಡುತ್ತಿದ್ದರು, ಇವರೂ ಮಾಡುತ್ತಾರೆ.

ಹಾಗಾಗಿ ನೀವು ನೆನಪಿಟ್ಟುಕೊಂಡಿರುವುದು ಮಧ್ಯಾಹ್ನದ ತಂಪು ಮಾತ್ರ. ಅದೇ ದಪ್ಪ ಗೋಡೆ ಕಟ್ಟಿ, ಸೊಳ್ಳೆ ಅಂತಲೋ ಕಳ್ಳರ ಭಯ ಅಂತಲೋ ರಾತ್ರಿ ಕಿಟಕಿ ಮುಚ್ಚಿ ಒಳಗೆ ಮಲಗಿದರೆ, ನಿಮ್ಮ ಕಾಕಾನ ಮನೆಯ ಕಥೆಯೇ ಆಗುತ್ತದೆ. ಪ್ಲಾನ್ ಬರೆಸುವ ಮುಂಚೆ ಏಪ್ರಿಲ್ ರಾತ್ರಿ ಆರು ಜನ ಎಲ್ಲಿ ಮಲಗುತ್ತೀರಿ ಅನ್ನುವುದನ್ನು ತೀರ್ಮಾನ ಮಾಡಿ. ತಾರಸಿ ಮೇಲೆ ಮಲಗುವ ಜಾಗ ಬೇಕು. ಅಲ್ಲೇ ಒಂದು ಬಾತ್‌ರೂಮ್ ಬೇಕು, ನಿಮ್ಮ ಅವ್ವ ಹತ್ತಬಹುದಾದಂಥ ಮೆಟ್ಟಿಲು ಬೇಕು. ಮೆಟ್ಟಿಲು ಕಡಿದಾಗಿದ್ದರೆ ಎರಡು ವರ್ಷದಲ್ಲಿ ಅವರು ಹತ್ತುವುದು ಬಿಡುತ್ತಾರೆ.

ಇನ್ನು ನಿಮ್ಮ ಅಪ್ಪನ ಮಾತು. ಅವರು ಹೇಳುವುದು ನಿಜ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಮಣ್ಣು ಹೊತ್ತು ಹಾಕಬೇಕು. ಒಂದು ವರ್ಷ ತಪ್ಪಿದರೆ ಜಡಿಮಳೆಯಲ್ಲಿ ಮನೆ ತುಂಬ ಪಾತ್ರೆ ಇಟ್ಟುಕೊಂಡು ಕೂರಬೇಕು. ಗೆದ್ದಲು ತಿಂದ ತೊಲೆ ಬದಲಿಸಲು ಈಗ ಸಾಗವಾನಿ ಎಲ್ಲಿ ಸಿಗುತ್ತದೆ? ಮಳೆ ಹೆಚ್ಚಾದ ವರ್ಷ ನಮ್ಮ ಊರಲ್ಲೇ ಹಳೆ ಗೋಡೆಗಳು ಬಿದ್ದಿವೆ. ಅವರು ಆ ಮಣ್ಣು ಹೊತ್ತವರು, ನಾವು ತಂಪು ಅನುಭವಿಸಿದವರು. ಅವರ ಜೊತೆ ವಾದ ಮಾಡಬೇಡಿ.

ಗೌಂಡಿ ಮಗ

ಮಾಸ್ತರರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸಿವಿಲ್ ಎಂಜಿನಿಯರ್, ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದರು. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆಸ್ತ್ರಾ ಅಂತ ಒಂದು ಕೇಂದ್ರ ಶುರುವಾಯಿತು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಿಂದಲೇ ಒತ್ತುವ "ಮರ್ದಿನಿ" ಅನ್ನುವ ಯಂತ್ರ ಅಲ್ಲಿಂದಲೇ ಬಂತು. ಸುಡುವ ಕೆಲಸ ಇಲ್ಲ, ಹಾಗಾಗಿ ಭಟ್ಟಿ ಇಟ್ಟಿಗೆಗೆ ಬೇಕಾಗುವ ಇಂಧನದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಗಟ್ಟಿಯಾಗಿ ಬರುತ್ತದೆ, ನೋಡಲು ಚಂದ, ಹೊರಗೆ ಪ್ಲಾಸ್ಟರ್ ಇಲ್ಲದೆಯೂ ಬಿಡಬಹುದು. ಆದರೆ ಮಣ್ಣು ಅಂದ ತಕ್ಷಣ ಮನೆ ತಂಪಾಗುವುದಿಲ್ಲ ಸರ್. ಅಜ್ಜನ ಗೋಡೆ 24 ಇಂಚು, ಇಟ್ಟಿಗೆಯಲ್ಲಿ ಕಟ್ಟಿಸಿದರೆ ನಿಮ್ಮದು 9 ಇಂಚು. 9 ಇಂಚಿನಲ್ಲಿ ಮಣ್ಣಿನ ಇಟ್ಟಿಗೆಗೂ ಸುಟ್ಟ ಇಟ್ಟಿಗೆಗೂ ಬಿಸಿ ತಡೆಯುವುದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ ಜನ ಬೇಜಾರಾಗುತ್ತಾರೆ.

ಇನ್ನು ನಿಮ್ಮ ಸೈಟಿನ ಮಣ್ಣು ಎರೆ, ಅಂದರೆ ಕಪ್ಪು ಮಣ್ಣು ಇರಬಹುದು. ಎರೆ ಮಣ್ಣು ಇಟ್ಟಿಗೆಗೆ ಆಗುವುದಿಲ್ಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರಳು ಅಂಶ ಜಾಸ್ತಿ ಇದ್ದು ಜೇಡಿ 10ರಿಂದ 15 ಶೇಕಡಾ ಇರುವ ಕೆಂಪು ಮಣ್ಣು ಬೇಕು. ಮನೆಯಲ್ಲೇ ನೋಡಬಹುದು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ರಾತ್ರಿ ಇಟ್ಟುಬಿಡಿ. ಬೆಳಿಗ್ಗೆ ಮರಳು ಕೆಳಗೆ, ಜೇಡಿ ಮೇಲೆ ಪದರ ಪದರವಾಗಿ ಕಾಣುತ್ತದೆ. ಕಪ್ಪತಗುಡ್ಡದ ಕೆಂಪು ಮಣ್ಣು ತರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು 2019ರಿಂದ ವನ್ಯಜೀವಿ ಧಾಮ. ಆ ಗುಡ್ಡ ಉಳಿಸಲು ನಮ್ಮ ಜಿಲ್ಲೆಯ ಜನ ಎಷ್ಟು ಹೋರಾಡಿದ್ದಾರೆ ಅಂತ ನಿಮಗೂ ಗೊತ್ತು. ಪಾಯಕ್ಕೂ ಎರೆಯನ್ನು ನಂಬಬೇಡಿ. ಗರಸು, ಅಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣು ಸಿಗುವ ತನಕ ಅಗೆಸಿ, ಇಲ್ಲವೇ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ. ಇಲ್ಲಿ ದುಡ್ಡು ಉಳಿಸಿದರೆ ಗೋಡೆ ಬಿರುಕು ಬಿಟ್ಟೇ ಬಿಡುತ್ತದೆ.

ಈಗ ಮುಖ್ಯ ವಿಷಯ. ನಮ್ಮ ಕಡೆ ಬೇಸಿಗೆಯಲ್ಲಿ ಸೂರ್ಯ ತಲೆ ಮೇಲೆ ಇರುತ್ತಾನೆ. ಗದಗಿನಲ್ಲಿ ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನ ನಿಮ್ಮ ನೆರಳು ನಿಮ್ಮ ಕಾಲ ಕೆಳಗೇ ಬೀಳುತ್ತದೆ. ಅಂದರೆ ಮನೆಗೆ ಬರುವ ಬಿಸಿಯ ದೊಡ್ಡ ಪಾಲು ಬರುವುದು ಛಾವಣಿಯಿಂದ, ಗೋಡೆ ಆಮೇಲೆ. ನಿಮ್ಮ ಅಜ್ಜನ ಮನೆಯಲ್ಲಿ ಮೇಲಿದ್ದ ಮಣ್ಣೇ ಅರ್ಧ ಕೆಲಸ ಮಾಡುತ್ತಿತ್ತು. ಎಲ್ಲರೂ ಗೋಡೆ ಬಗ್ಗೆ ತಲೆ ಕೆಡಿಸಿಕೊಂಡು ಮೇಲೆ 5 ಇಂಚಿನ ಬರೀ ಸ್ಲ್ಯಾಬ್ ಹಾಕಿ ಮುಗಿಸುತ್ತಾರೆ. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತೆ ಅಂತ 2018ರದ್ದು ಒಂದು ನಿಯಮ ಇದೆ. ಛಾವಣಿ ಎಷ್ಟು ಬಿಸಿ ಒಳಗೆ ಬಿಡುತ್ತದೆ ಅನ್ನುವ ಯು-ವ್ಯಾಲ್ಯೂ 1.2ಕ್ಕಿಂತ ಜಾಸ್ತಿ ಇರಬಾರದು ಅಂತ ಅದರಲ್ಲಿದೆ. ಬರೀ ಸ್ಲ್ಯಾಬಿನದು 3 ದಾಟುತ್ತದೆ.

ಪರಿಹಾರ ಕಷ್ಟದ್ದಲ್ಲ. ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫ್ ಮಾಡಿಸಿ, 2 ಇಂಚು ದಪ್ಪದ ಎಕ್ಸ್‌ಪಿಎಸ್ ಹಲಗೆ (ಬಿಸಿ ತಡೆಯುವ ಗಟ್ಟಿ ಫೋಮ್) ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಕಿ, ಕೊನೆಗೆ ಬಿಳಿ ಟೈಲ್ಸ್ ಚೂರು ಕೂರಿಸಿ. ಹಳೆ ದಾರಿ ಬೇಕಾದರೆ ಕುಂಬಾರರ ಮಡಕೆಗಳನ್ನು ಬೋರಲು ಜೋಡಿಸಿ ಸಂದಿಗೆ ಸುಣ್ಣದ ಗಾರೆ ತುಂಬಬಹುದು, ಒಳಗೆ ಗಾಳಿ ಉಳಿಯುತ್ತದೆ, ಅದೇ ಬಿಸಿ ತಡೆಯುತ್ತದೆ. ಹೀಗೆ ಮಾಡಿದ ತಾರಸಿ ಸೂರ್ಯ ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತದೆ, ಮಾಸ್ತರರು ಹೇಳಿದ ಹಾಗೆ ಮಲಗಲೂ ಬರುತ್ತದೆ. ಬರೀ ಸ್ಲ್ಯಾಬ್ ಆದರೆ ಹತ್ತು ಗಂಟೆಗೂ ಬೆನ್ನಿಗೆ ಬಿಸಿ ತಾಗುತ್ತದೆ.

ಮಂಗಳೂರು ಹೆಂಚು ಇಟ್ಟು ಫಿಲ್ಲರ್ ಸ್ಲ್ಯಾಬ್ ಮಾಡಿಸಿ, ಅಂದರೆ ಸ್ಲ್ಯಾಬಿನೊಳಗೆ ಸ್ವಲ್ಪ ಕಾಂಕ್ರೀಟ್ ಬದಲು ಹೆಂಚು ಕೂರಿಸಿ ಅಂತ ಯಾರಾದರೂ ಹೇಳಬಹುದು. ಒಳ್ಳೆಯದೇ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅದನ್ನು ಬಡವರ ಮನೆಗೂ ತಂದರು. ಕಾಂಕ್ರೀಟ್ ಉಳಿಯುತ್ತದೆ, ಕೆಳಗಿನಿಂದ ನೋಡಲು ಚಂದ. ಆದರೆ ನಮ್ಮ ಬಿಸಿಲಿಗೆ ಅದೊಂದೇ ಸಾಲದು, ಮೇಲಿನ ಪದರ ಬೇಕೇ ಬೇಕು.

ಪಶ್ಚಿಮದ ಗಾಜು ದಯವಿಟ್ಟು ಬೇಡ. ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜಾ ಇದ್ದರೆ ಬೇಸಿಗೆಯ ಮಧ್ಯಾಹ್ನ ಪೂರ್ತಿ ನೆರಳು. ಪಶ್ಚಿಮದಲ್ಲಿ ಅದೇ ಸಜ್ಜಾ ಸುಮ್ನೆ. ಏಪ್ರಿಲ್ ಸಂಜೆ 5ಕ್ಕೆ ಸೂರ್ಯ ಎಷ್ಟು ಕೆಳಗಿರುತ್ತಾನೆ ಅಂದರೆ ಅದರ ನೆರಳು ಒಂದಡಿಯೂ ಇಳಿಯುವುದಿಲ್ಲ, ಬಿಸಿಲು ನೇರ ಒಳಗೆ ಬರುತ್ತದೆ. ಅಲ್ಲಿ ಆಳವಾದ ಜಗಲಿ, ಮುಂದೆ ಒಂದು ಬೇವಿನ ಮರ, ಗೋಡೆಗೆ ಸಣ್ಣ ಕಿಟಕಿ. ಪಶ್ಚಿಮದ ಗೋಡೆ ಮಾತ್ರ ರ್‍ಯಾಟ್ ಟ್ರ್ಯಾಪ್ ಕಟ್ಟಿಸಿ, ಅಂದರೆ ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ ನಡುವೆ ಪೊಳ್ಳು ಬಿಡುವುದು. ಇಟ್ಟಿಗೆ ಸುಮಾರು ಕಾಲು ಭಾಗ ಕಡಿಮೆ ಸಾಕು, ನಡುವಿನ ಗಾಳಿ ಬಿಸಿ ತಡೆಯುತ್ತದೆ. ಗೌಂಡಿಗೆ ಗೊತ್ತಿಲ್ಲದಿದ್ದರೆ ಮೊದಲು ಕಾಂಪೌಂಡ್ ಗೋಡೆಯಲ್ಲಿ ಕಟ್ಟಿಸಿ ಕೈ ಪಳಗಿಸಿ.

ರೋಣದ ಹುಡುಗ

ಮಾಸ್ತರರೇ, ಸರ್, ಇಬ್ಬರಿಗೂ ಎಷ್ಟು ಹೇಳಿದರೂ ಕಡಿಮೆ. ನಿನ್ನೆ ರಾತ್ರಿ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಮಣ್ಣು ಹೊರುವ ಮಾತು ಬಂದಾಗ ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಮಾಳಿಗೆ ಮೇಲೆ ಅಜ್ಜನ ಪಕ್ಕ ಮಲಗಿ ಚುಕ್ಕಿ ಎಣಿಸುತ್ತಿದ್ದದ್ದು ಹೇಳಲು ಶುರು ಮಾಡಿದರು. ತಾರಸಿ ಮೇಲೆ ಮಲಗುವ ಜಾಗಕ್ಕೆ ಈಗ ಅವರದೇ ಮೊದಲ ಓಟು.

ಒಂದು ತೊಡಕು ಇದೆ. ವಾಸ್ತು ಪ್ರಕಾರ ಯಜಮಾನರ ಮಲಗುವ ಕೋಣೆ ನೈರುತ್ಯಕ್ಕೇ ಬರಬೇಕು ಅಂತ ಅವ್ವ ಹೇಳುತ್ತಾರೆ. ನಮ್ಮ ಸೈಟಿನಲ್ಲಿ ಸಂಜೆ ಬಿಸಿಲು ಹೊಡೆಯುವ ಮೂಲೆಯೇ ಅದು. ಅವ್ವನ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ.

ತೀರ್ಥಹಳ್ಳಿ ಸೊಸೆ

ನೈರುತ್ಯದ ಸಮಸ್ಯೆ ನಮಗೂ ಬಂದಿತ್ತು. ಕೋಣೆ ನೈರುತ್ಯಕ್ಕೇ ಇಟ್ಟೆವು, ಆದರೆ ಪಶ್ಚಿಮದ ಗೋಡೆ ಉದ್ದಕ್ಕೂ ಬಟ್ಟೆ ಬೀರು ಕಟ್ಟಿಸಿ, ಅದರ ಹೊರಗೆ ಮೆಟ್ಟಿಲು ತಂದೆವು. ನೈರುತ್ಯದಲ್ಲಿ ಮೆಟ್ಟಿಲು ಇರಬಹುದು ಅಂತ ನಮ್ಮ ಮನೆಗೆ ಬಂದಿದ್ದ ವಾಸ್ತು ನೋಡುವವರೇ ಒಪ್ಪಿದರು. ಬಿಸಿಲು ಮೆಟ್ಟಿಲಿನ ಗೋಡೆಗೆ ಹೊಡೆಯುತ್ತದೆ, ಕೋಣೆಗೆ ತಾಗುವುದಿಲ್ಲ. ಅವ್ವನಿಗೂ ಖುಷಿ, ನಿಮಗೂ ನೆಮ್ಮದಿ.

ಈಗ ತೊಟ್ಟಿ. ನಮ್ಮ ಅತ್ತೆಯವರದು ನಿಜವಾದ ತೊಟ್ಟಿ ಮನೆ. ನಾಲ್ಕೂ ಕಡೆ ಹೆಂಚಿನ ಮಾಡು ಒಳಗೆ ಇಳಿಜಾರು, ಮಳೆಗಾಲದಲ್ಲಿ ನಾಲ್ಕು ಮೂಲೆಯಿಂದ ನೀರು ಧೋ ಅಂತ ಸುರಿಯುತ್ತದೆ, ಜಗಲಿಯಲ್ಲಿ ಕೂತು ಅದನ್ನು ನೋಡುವ ಸುಖವೇ ಬೇರೆ. ಆದರೆ ಆ ತೊಟ್ಟಿ ಇರುವುದು ಮಲೆನಾಡಿನ ಬದುಕಿಗಾಗಿ. ಸುತ್ತ ಕಾಡು, ಮನೆ ಒಳಗೆ ಕತ್ತಲೆ, ಬೆಳಕು ಬರಲು ಅದೊಂದೇ ದಾರಿ. ಅಡಿಕೆ ಕೆಲಸ, ಹಬ್ಬ, ಮದುವೆ ಎಲ್ಲ ಅದರ ಸುತ್ತಲೇ ನಡೆಯುತ್ತದೆ. ಜುಲೈ ತಿಂಗಳಲ್ಲಿ ಬಟ್ಟೆ ಒಣಗದೆ, ನೆಲ ಜಾರಿ, ಗೋಡೆಗೆ ಪಾಚಿ ಹಿಡಿದು ಹೆಂಗಸರು ಪಡುವ ಪಾಡು ಫೋಟೋದಲ್ಲಿ ಕಾಣುವುದಿಲ್ಲ.

ನಾವು ಶಿವಮೊಗ್ಗದಲ್ಲಿ ಮನೆ ಕಟ್ಟಿಸುವಾಗ ಮಧ್ಯದಲ್ಲಿ 8×8 ಅಡಿ ತೊಟ್ಟಿ ಮಾಡಿದೆವು. ಮಳೆ ಬರಬಾರದು ಅಂತ ಮೇಲೆ ಪಾಲಿಕಾರ್ಬೊನೇಟ್ ಶೀಟ್ ಬಿಗಿಯಾಗಿ ಮುಚ್ಚಿಸಿದೆವು. ಮೊದಲ ಮಾರ್ಚ್‌ನಲ್ಲೇ ಗೊತ್ತಾಯಿತು. ಬಿಸಿಲು ಒಳಗೆ ಬರುತ್ತದೆ, ಬಿಸಿ ಗಾಳಿ ಹೊರಗೆ ಹೋಗುವುದಿಲ್ಲ, ಮೇಲಿನ ಮಹಡಿಯ ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಇಡೀ ಬೇಸಿಗೆ ಹಾಗೇ ಕಳೆದೆವು. ಮುಂದಿನ ವರ್ಷ ಶೀಟನ್ನು ಎರಡಡಿ ಎತ್ತರಿಸಿ, ನಾಲ್ಕೂ ಬದಿ ತೆರೆದು ಸೊಳ್ಳೆ ಜಾಲರಿ ಹಾಕಿಸಿದೆವು, ಮಂಗಗಳಿಗಾಗಿ ಕಬ್ಬಿಣದ ಗ್ರಿಲ್ ಬೇರೆ. ಅವತ್ತಿನಿಂದ ಗಾಳಿ ಮೇಲಕ್ಕೆ ಎಳೆಯುವುದು ಗೊತ್ತಾಗುತ್ತದೆ, ಊದುಬತ್ತಿ ಹಚ್ಚಿದರೆ ಹೊಗೆ ನೇರ ಮೇಲೆ ಹೋಗುತ್ತದೆ. ಮಾಸ್ತರರು ಹೇಳಿದ ಬೆಳಕಿಂಡಿ ಮಾಡುವುದೂ ಇದೇ ಕೆಲಸ ಅಲ್ವಾ?

ನಿಮ್ಮ ಊರಿಗೆ ದೊಡ್ಡ ತೊಟ್ಟಿ ಬೇಡ ಅನ್ನಿಸುತ್ತದೆ. ಮಧ್ಯಾಹ್ನದ ಸೂರ್ಯ ನೇರ ಒಳಗೆ ಬೀಳುತ್ತಾನೆ, ಧೂಳೂ ಜಾಸ್ತಿ. ನಿಮ್ಮ ಮನೆಯವರಿಗೆ ಬೇಕಾಗಿರುವುದು ಮನೆ ನಡುವೆ ಆಕಾಶ ಕಾಣುವ ಒಂದು ಜಾಗ ಇರಬಹುದು. ಅದಕ್ಕೆ 6×8 ಸಾಕು, ಗೋಡೆ ಎತ್ತರ ಇರಲಿ, ಕೆಳಗೆ ಫರಸಿ ಹಾಸಿ ತುಳಸಿ ಕಟ್ಟೆ ಮಾಡಿ. ಸಂಜೆ ಒಂದು ಬಕೆಟ್ ನೀರು ಚೆಲ್ಲಿದರೆ ಮನೆಯೆಲ್ಲ ತಂಪು. ಗುಡಿಸಿ ಒರೆಸುವುದು ಯಾರು ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ.

ಉಳ್ಳಾಲದವ

ಒಂದೇ ಮಾತು ಸೇರಿಸುತ್ತೇನೆ. ನಾನು ಇದರ ಉಲ್ಟಾ ತಪ್ಪು ಮಾಡಿದವನು. ಬಯಲು ಸೀಮೆಯ ಹಳೆ ಮನೆಗಳನ್ನು ನೋಡಿ ಮರುಳಾಗಿ, ಮಂಗಳೂರಿನ ಹತ್ತಿರ ದಪ್ಪ ಕೆಂಪುಕಲ್ಲಿನ ಗೋಡೆ, ಸಣ್ಣ ಕಿಟಕಿ ಇಟ್ಟು ಮನೆ ಕಟ್ಟಿಸಿದೆ. ನಮ್ಮಲ್ಲಿ ಹಗಲಿಗೂ ರಾತ್ರಿಗೂ ಬಿಸಿಯಲ್ಲಿ ಅಷ್ಟು ವ್ಯತ್ಯಾಸ ಇಲ್ಲ, ಗಾಳಿಯಲ್ಲಿ ತೇವ. ದಪ್ಪ ಗೋಡೆ ತಣ್ಣಗಾಗಲು ರಾತ್ರಿಯೇ ತಣ್ಣಗಿರುವುದಿಲ್ಲ. ಇಲ್ಲಿ ಬೇಕಾಗಿದ್ದು ದೊಡ್ಡ ಕಿಟಕಿ, ಅಗಲ ಜಗಲಿ, ಮೈಗೆ ತಾಗುವ ಗಾಳಿ, ನಮ್ಮ ಹಿರಿಯರ ಮನೆಯಲ್ಲಿ ಇದ್ದದ್ದೂ ಅದೇ. ಕೊನೆಗೆ ಗೋಡೆ ಒಡೆದು ಕಿಟಕಿ ದೊಡ್ಡದು ಮಾಡಿಸಿದೆ. ನೀವು ಹಾಗೆಯೇ ನಮ್ಮ ಹೆಂಚಿನ ಇಳಿಜಾರು ಮಾಡನ್ನು ಗದಗಿಗೆ ಒಯ್ಯಬೇಡಿ. ಅದು ನಮ್ಮ ಮಳೆಗೆ ಇರುವುದು, ಮತ್ತೆ ನೀವು ಮಲಗುವ ತಾರಸಿಯೇ ಹೋಗಿಬಿಡುತ್ತದೆ.

ಗೌಂಡಿ ಮಗ

ಸೋಲಾರ್ ಬಗ್ಗೆ ಹೇಳುವುದು ಬಿಟ್ಟಿದ್ದೆ. ಹಾಕಿಸಿ, ಆದರೆ ಕೊನೆಗೆ. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ತಾರಸಿ ಬೇಕು, ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಎಸಿ ಜಾಸ್ತಿ ಬೇಕಾಗುವುದು ರಾತ್ರಿ, ಪ್ಯಾನೆಲ್ ಕೆಲಸ ಮಾಡುವುದು ಹಗಲು. ಹಗಲು ಲೈನಿಗೆ ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರ್ ಇದ್ದರೆ ಲೆಕ್ಕ ಸರಿಹೋಗುತ್ತದೆ ನಿಜ, ಆದರೆ ಛಾವಣಿ ಕಾಯಲು ಬಿಟ್ಟು ಅದನ್ನು ತಣಿಸಲು ಯಂತ್ರ ಓಡಿಸುವುದರಲ್ಲಿ ಅರ್ಥ ಇಲ್ಲ. ಛಾವಣಿ ಸರಿಮಾಡಿ, ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕಿ. ಹಳೆ ಫ್ಯಾನ್ 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ಅಪ್ಪ ಅವ್ವನ ಕೋಣೆಗೆ ಒಂದು ಎಸಿ ಪಾಯಿಂಟ್ ಇರಲಿ. ವಯಸ್ಸಾದವರಿಗೆ ಕೆಲವು ರಾತ್ರಿ ನಿಜವಾಗಿಯೂ ಬೇಕಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಪ್ಯಾನೆಲ್‌ಗಳನ್ನು 8 ಅಡಿ ಎತ್ತರದ ಚೌಕಟ್ಟಿನ ಮೇಲೆ ತಾರಸಿಯ ಅರ್ಧ ಭಾಗಕ್ಕೆ ಮಾತ್ರ ಹಾಕಿಸಿ. ಹಗಲು ಆ ಭಾಗಕ್ಕೆ ನೆರಳು. ಇನ್ನರ್ಧ ತೆರೆದ ಆಕಾಶ, ಅಲ್ಲಿ ಹಾಸಿಗೆ. ಪ್ಯಾರಾಪೆಟ್ ಗೋಡೆ ಗಟ್ಟಿಯಾಗಿ ಮುಚ್ಚಿಸಬೇಡಿ, ಜಾಲಿ ಇಟ್ಟಿಗೆ ಬಿಡಿಸಿ. ಮಲಗಿದಾಗ ಗಾಳಿ ಬರುವುದು ಆ ಎತ್ತರದಲ್ಲೇ.

ಮಳೆ ನೀರಿಗೂ ಈಗಲೇ ಪೈಪ್ ಬಿಡಿಸಿ. ಗದಗಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಅಂತ ಹಿಡಿದರೂ 1,200 ಚದರ ಅಡಿ ತಾರಸಿಯಿಂದ 55,000 ಲೀಟರ್ ಸಿಗುತ್ತದೆ. ಹಾಸಿಗೆ ಹಾಕುವ ಜಾಗ ಆದ್ದರಿಂದ ಹೇಗೂ ಸ್ವಚ್ಛವಾಗಿ ಇಟ್ಟುಕೊಳ್ಳುತ್ತೀರಿ.

ರೋಣದ ಹುಡುಗ

ಗುತ್ತಿಗೆದಾರರ ಹತ್ತಿರ ಕೂತು ಪ್ಲಾನ್ ಬದಲಿಸಿದೆ. ಪಶ್ಚಿಮಕ್ಕೆ ಜಗಲಿ, ನೈರುತ್ಯದ ಹೊರಗೆ ಮೆಟ್ಟಿಲು, ನಡುವೆ 6×8 ತೊಟ್ಟಿ, ತಾರಸಿ ಮೇಲೆ ಬಾತ್‌ರೂಮ್. ಛಾವಣಿ ಪದರಕ್ಕೆ ಆಗುವ ಖರ್ಚಿಗೆ ಎರಡು ಎಸಿ, ಗಾಜು ಮತ್ತು ಫಾಲ್ಸ್ ಸೀಲಿಂಗ್ ಬಿಟ್ಟಿದ್ದೇವೆ. ಗೋಡೆಗೆ ಮಣ್ಣಿನ ಇಟ್ಟಿಗೆಯೋ ಸುಟ್ಟ ಇಟ್ಟಿಗೆಯೋ ಇನ್ನೂ ತೀರ್ಮಾನ ಆಗಿಲ್ಲ. ಒಳ್ಳೆಯ ಕೆಂಪು ಮಣ್ಣು ಹತ್ತಿರದಲ್ಲಿ ಸಿಕ್ಕರೆ ಮಾತ್ರ ಮಣ್ಣಿನದು. ಮೂರು ಬಾಟಲಿ ಮಣ್ಣು ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದೇನೆ, ಮಕ್ಕಳು ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡಲು ಓಡುತ್ತಾರೆ.

ಒಂದು ಕೊನೆಯ ಪ್ರಶ್ನೆ ಮಾಸ್ತರರಿಗೆ. ಬೆಳಕಿಂಡಿಗೆ ಮಳೆ ಬಂದಾಗ ಏನು ಮುಚ್ಚುತ್ತೀರಿ?

ಮುಂಡರಗಿ ಮಾಸ್ತರ

ನಮ್ಮದಕ್ಕೆ ಹಳೆ ಗಡಿಗೆ ಬೋರಲು ಹಾಕುತ್ತೇವೆ, ಮೋಡ ಕಂಡ ತಕ್ಷಣ ಯಾರಾದರೊಬ್ಬರು ಮೇಲೆ ಓಡಬೇಕು. ನಿಮಗೆ ಅದು ಬೇಡ. ಆ ಶಿವಮೊಗ್ಗದ ತಂಗಿ ಮಾಡಿಸಿದ ಹಾಗೆ ಬದಿ ತೆರೆದು ಮೇಲೆ ಮುಚ್ಚಿಸಿ. ಆದರೆ ಗಾಳಿ ಬೀಸುವ ಪಶ್ಚಿಮದ ಬದಿಗೆ ಜಾಲರಿ ಜೊತೆ ಓರೆ ಹಲಗೆ ಇರಲಿ, ಮುಂಗಾರಿನ ಎರಚಲು ಆ ಕಡೆಯಿಂದಲೇ ಬರುತ್ತದೆ. ಏಪ್ರಿಲ್‌ನಲ್ಲಿ ಒಂದು ಶನಿವಾರ ಅಪ್ಪನವರನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ. ಮಧ್ಯಾಹ್ನವೇ ಬಂದು ರಾತ್ರಿ ಉಳಿಯಿರಿ, ಹಾಸಿಗೆ ಮೇಲೆ ಹಾಕಿಸಿರುತ್ತೇನೆ.